ಪ್ಲಗ್ ಇಲ್ಲದ ಕಡೆ ಬೆಸುಗೆ

ಪೇಟೆಯಲ್ಲಿ ಕೂತು ಬೆಸುಗೆ ಹಾಕುವವರ ಸುಖವೇ ಬೇರೆ. ಗೋಡೆಗೆ 25 ವಾಟ್ ಐರನ್ ಸಿಕ್ಕಿಸಿ, ಒಂದು ಚಹಾ ಕುಡಿದು ಬರುವಷ್ಟರಲ್ಲಿ ಬಿಟ್ ಕಾದಿರುತ್ತದೆ. ನನ್ನ ಕಸುಬು ತೋಟದಂಚಿನ ಸೋಲಾರ್ ಬೇಲಿ, ಗುಡ್ಡದ ಮೇಲಿನ ಒಂಟಿ ಮನೆಗಳ ಸೋಲಾರ್ ದೀಪ. ಮಲೆನಾಡಿನಲ್ಲಿ ಲೈನು ಬಂದ ಮನೆಗೂ ಮಳೆಗಾಲದಲ್ಲಿ ಕರೆಂಟಿನ ಭರವಸೆಯಿಲ್ಲ. ಒಂದು ಮರ ಬಿದ್ದರೆ ಮುಗಿಯಿತು. “ಕರೆಂಟೇ ಇಲ್ಲ ಮಾರಾಯ, ಹ್ಯಾಗೆ ಬೆಸುಗೆ ಹಾಕ್ತಿ?” ಎಂದು ಕೇಳದ ಮನೆಯಿಲ್ಲ.

ನನ್ನ ಸೋದರಮಾವನಿಗೆ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಅವರು ಸಂತೆಯಲ್ಲಿ ಕೂತು ಲಾಟೀನು, ತಗಡಿನ ಡಬ್ಬಿಗಳಿಗೆ ಬೆಸುಗೆ ಹಾಕುತ್ತಿದ್ದರು. ಅವರ ಐರನ್ ಎಂದರೆ ಕಬ್ಬಿಣದ ಸರಳಿನ ತುದಿಗೆ ಒಂದು ತಾಮ್ರದ ಗಟ್ಟಿ, ಹಿಂದೆ ಮರದ ಹಿಡಿ. ಅದನ್ನು ಪಂಪ್ ಸ್ಟೌವಿನ ಉರಿಗೆ ಹಿಡಿಯುವುದು. ಉರಿಯ ಅಂಚು ಹಸಿರಾದರೆ ತಾಮ್ರ ಕಾದಿದೆ ಎಂದು ಲೆಕ್ಕ. “ಹಸಿರು ಬಂತಲ್ಲ, ತೆಗಿ” ಎನ್ನುತ್ತಿದ್ದರು. ತೆಗೆದ ಕೂಡಲೇ ನವಸಾಗರದ ಗಟ್ಟಿಗೆ ತಿಕ್ಕಿದರೆ ಬಿಳಿ ಹೊಗೆ ಬುಸ್ಸೆಂದೇಳುತ್ತಿತ್ತು, ಮೂಗು ಉರಿಯುತ್ತಿತ್ತು, ಕಪ್ಪು ಕಳಚಿ ತಾಮ್ರ ಬೆಳಗುತ್ತಿತ್ತು. ಆಮೇಲೆ ತವರ ಮುಟ್ಟಿಸಿದರೆ ತುದಿಯ ತುಂಬ ತಾನೇ ಹರಡಿಕೊಳ್ಳುತ್ತಿತ್ತು.

ಅಷ್ಟು ದಪ್ಪ ತಾಮ್ರ ಏಕೆ ಬೇಕಿತ್ತೆಂದು ನನಗೆ ಅರ್ಥವಾದದ್ದು ಕಸುಬಿಗೆ ಇಳಿದ ಮೇಲೆ. 63 ಪಾಲು ತವರ, 37 ಪಾಲು ಸೀಸದ ಬೆಸುಗೆ 183 ಡಿಗ್ರಿಗೇ ಕರಗುತ್ತದೆ. ಅದನ್ನು ಕರಗಿಸುವುದು ದೊಡ್ಡ ಮಾತಲ್ಲ. ಬೆಸೆಯಬೇಕಾದ ತಂತಿ, ತಗಡುಗಳೂ ಆ ಕಾವಿಗೆ ಏರಬೇಕು, ಅವು ಏರುವಾಗ ಬಿಟ್ಟಿನ ಶಾಖವನ್ನೆಲ್ಲ ಹೀರುತ್ತವೆ. ಮಾವನ ತಾಮ್ರ ಒಲೆಯಲ್ಲಿ ಹೊಟ್ಟೆ ತುಂಬ ಉಂಡು ಕೆಲಸಕ್ಕೆ ಬರುವ ಆಳಿನಂತೆ, ಹಸಿವಾಗುವವರೆಗೆ ದುಡಿಯುತ್ತಿತ್ತು.

ಜರ್ಮನಿಯ ಅರ್ನ್ಸ್ಟ್ ಸಾಕ್ಸ್ 1921ರಲ್ಲಿ ಎರ್ಸಾ ಕಂಪನಿ ಕಟ್ಟಿ ವಿದ್ಯುತ್ ಐರನ್ ತಯಾರಿಸತೊಡಗಿದರು. ಅಮೆರಿಕದ ಕಾರ್ಲ್ ವೆಲ್ಲರ್ 1940ರ ದಶಕದಲ್ಲಿ ಕುದುರೆ ಒತ್ತಿದರೆ ಕ್ಷಣದಲ್ಲಿ ಕಾಯುವ ಗನ್ ತಂದರು. ಒಲೆ, ಹೊಗೆ ಎಲ್ಲ ಹೋಯಿತು, ನಿಜ. ಆದರೆ ಕಸುಬು ಗೋಡೆಗೆ ಕಟ್ಟುಬಿತ್ತು.

ಆ ಕಟ್ಟು ಬಿಡಿಸಲು ಬಂದದ್ದು ಗ್ಯಾಸ್ ಐರನ್. ಲೈಟರಿಗೆ ತುಂಬುವ ಬ್ಯುಟೇನನ್ನೇ ಹಿಡಿಗೆ ತುಂಬಬೇಕು. ಒಳಗೆ ಉರಿ ಕಾಣುವುದಿಲ್ಲ. ಪ್ಲಾಟಿನಮ್‌ನಂಥ ವೇಗವರ್ಧಕದ ಮೇಲೆ ಅನಿಲ ಜ್ವಾಲೆಯಿಲ್ಲದೆ ಉರಿದು ಅದನ್ನು ಕೆಂಪಗಾಗಿಸುತ್ತದೆ. ಅನಿಲ, ಗಾಳಿ ಸೇರಿದ ಮಿಶ್ರಣದಲ್ಲಿ ಪ್ಲಾಟಿನಮ್ ತಂತಿ ಹೀಗೆ ಬೆಳಗುವುದನ್ನು ಹಂಫ್ರಿ ಡೇವಿ 1817ರಲ್ಲೇ ಕಂಡಿದ್ದರು. ಕಾವಿನ ವಿಷಯದಲ್ಲಿ ಗ್ಯಾಸ್ ಐರನ್ನಿಗೆ ನನ್ನ ತಕರಾರಿಲ್ಲ. ತಕರಾರು ಅದರ ಕೊರಳಿನ ತೂತಿನದು: ಸುಟ್ಟ ಬಿಸಿಗಾಳಿ ಅಲ್ಲಿಂದ ಪಕ್ಕಕ್ಕೆ ನುಗ್ಗಿ, ನೀವು ಮುಟ್ಟದ ತಂತಿಯ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಬೇಸಿಗೆಯ ಒಣಹುಲ್ಲಿನ ಬೇಲಿಯಲ್ಲಿ ಅದನ್ನು ಕೆಳಗಿಡಲು ನನಗೆ ಧೈರ್ಯವಿಲ್ಲ. ಜತೆಗೆ, ಚಾರ್ಜ್ ಆಗುತ್ತಿರುವ ಲೆಡ್ ಆಸಿಡ್ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಅದರ ಹತ್ತಿರ ಕಿಡಿ ಹೊತ್ತಿಸುವುದು ಹುಚ್ಚಾಟ. ವಿಮಾನದಲ್ಲಂತೂ ಬ್ಯುಟೇನ್ ಒಯ್ಯಲು ಬಿಡುವುದಿಲ್ಲ. ಹಿಮಾಲಯದ ಕಡೆ ಹೋಗುವವರಿಗೆ ಇನ್ನೊಂದು ತೊಡಕು: ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿದರೆ ಬ್ಯುಟೇನ್ ಸರಿಯಾಗಿ ಆವಿಯಾಗುವುದಿಲ್ಲ.

ಈಗ ನನ್ನ ಚೀಲದಲ್ಲಿರುವುದು ಪೆನ್ನಿನ ಗಾತ್ರದ, ಡಿಸಿಯಲ್ಲಿ ನಡೆಯುವ ಐರನ್. ಟಿಎಸ್100, 2020ರಲ್ಲಿ ಬಂದ ಪೈನ್‌ಸಿಲ್, ಎಲ್ಲ ಈ ಜಾತಿಯವೇ. ಇವುಗಳಲ್ಲಿ ನೋಡಬೇಕಾದದ್ದು ಒಂದೇ, ವೋಲ್ಟೇಜು. ಬಿಟ್ಟಿನ ರೋಧ ಸುಮಾರು 8 ಓಮ್. 12 ವೋಲ್ಟ್ ಕೊಟ್ಟರೆ 18 ವಾಟ್, 20 ವೋಲ್ಟ್ ಕೊಟ್ಟರೆ 50 ವಾಟ್, 24 ಕೊಟ್ಟರೆ 72. ವೋಲ್ಟೇಜು ದುಪ್ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಐರನ್ ಕಳಪೆ ಎಂದು ಬೈಯುವವರಲ್ಲಿ ಅರ್ಧ ಜನ ಅದಕ್ಕೆ ಹೊಟ್ಟೆಗೆ ಕೊಟ್ಟಿರುವುದಿಲ್ಲ.

ಬೇಲಿ ಮಷಿನ್ನಿನ ಪೆಟ್ಟಿಗೆಯಲ್ಲಿ 12 ವೋಲ್ಟಿನ ಬ್ಯಾಟರಿ ಇದ್ದೇ ಇರುತ್ತದೆ. ತುಂಬಿದ್ದರೆ 13ರ ಹತ್ತಿರ ತೋರಿಸುತ್ತದೆ, ಅಂದರೆ 21 ವಾಟ್. ಬೋರ್ಡಿನ ಡ್ರೈ ಸೋಲ್ಡರ್ ಬಿಡಿಸಲು, ಎಲ್ಇಡಿಯ ತಂತಿ ಕೂಡಿಸಲು ಅಷ್ಟು ಸಾಕು. ವೈರನ್ನು ಬ್ಯಾಟರಿಯ ತಲೆಗೆ ಕಚ್ಚಿಸದೆ ಚಾರ್ಜ್ ಕಂಟ್ರೋಲರಿನ ಲೋಡ್ ತುದಿಗೆ ಕೊಟ್ಟರೆ ಕಿಡಿಯ ಭಯವಿಲ್ಲ. ಬೇಲಿಯ ಸ್ವಿಚ್ ಮೊದಲೇ ಆರಿಸಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ಗಾಳಿ ಜೋರಿದ್ದರೆ ಸಣ್ಣ ಬಿಟ್ಟಿನ ಕಾವು ನಿಲ್ಲುವುದಿಲ್ಲ, ಕೊಡೆ ಅಡ್ಡ ಹಿಡಿಸಿಕೊಳ್ಳುತ್ತೇನೆ. ಬ್ಯಾಟರಿಯ ದಪ್ಪ ಕೇಬಲ್ಲಿಗೆ ಇದು ಸಾಲದು; ಅಲ್ಲಿ ಲಗ್ ಹಾಕಿ ಒತ್ತಿಬಿಡುವುದೇ ಮೇಲು.

ಪವರ್ ಬ್ಯಾಂಕ್ ನಂಬುವವರು ಅಂಗಡಿಯಲ್ಲಿ ಎಂಎಎಚ್ ಎಷ್ಟು ಎಂದಷ್ಟೇ ಕೇಳಿ ಬರಬೇಡಿ. ಟೈಪ್-ಸಿ ತೂತಿನಲ್ಲಿ 20 ವೋಲ್ಟ್ ಬರುತ್ತದೆಯೇ, ಹಿಂಬದಿಯ ಸಣ್ಣಕ್ಷರ ಓದಿ. 5 ವೋಲ್ಟ್ ಮಾತ್ರ ಎಂದಿದ್ದರೆ ಫೋನಿಗಿಟ್ಟುಕೊಳ್ಳಿ.