ಕೆಟ್ಟ ಅಕ್ಷರದ ಸಾಕ್ಷಿ

ಯಂತ್ರ ಬರೆದಿಡುವ ಲಾಗ್‌ನಲ್ಲಿ ಕೆಟ್ಟ ಅಕ್ಷರ ಕಂಡ ಕೂಡಲೇ ಅಳಿಸಿಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಕ್ಷರ ಹೇಗೆ ಕೆಟ್ಟಿದೆ ಎನ್ನುವುದರಲ್ಲೇ ಯಂತ್ರದ ಕಾಯಿಲೆಯ ಅರ್ಧ ವಿವರ ಇರುತ್ತದೆ.

ಮಲ್ಲೇಶ್ವರಂನ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಇ-ರೀಡರ್ ನಿದ್ದೆಯಿಂದ ಎಬ್ಬಿಸಿದಾಗಲೆಲ್ಲ ಪುಟವನ್ನು ಅರ್ಧ ತೋರಿಸಿ, ತಾನೇ ರೀಸ್ಟಾರ್ಟ್ ಆಗುತ್ತಿತ್ತು. "ಬೋರ್ಡೇ ಹೋಗಿದೆ ಅಂದ್ರಪ್ಪ ರಿಪೇರಿಯವರು. ನಾನು ಗುರುತು ಹಾಕ್ಕೊಂಡದ್ದೆಲ್ಲ ಅದರೊಳಗೇ ಇದೆ," ಎಂದರು. "ನೋಡೋಣ ಸಾರ್," ಎಂದೆ.

ಅಂಗೈಯಗಲದ ಯಂತ್ರದಲ್ಲಿ ಲಿನಕ್ಸ್ ಓಡಿಸುವುದು ಈ ಕಡೆಗೆ ಹೊಸದಲ್ಲ. ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್ಕೋರ್ ಕಂಪನಿಯವರೊಂದಿಗೆ ಸೇರಿ ರೂಪಿಸಿದ ಸಿಂಪ್ಯೂಟರ್ ನಡೆಯುತ್ತಿದ್ದದ್ದು ಲಿನಕ್ಸ್ ಮೇಲೆಯೇ. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಎಂಬ ಸಿಂಪ್ಯೂಟರ್ ಮಾರುಕಟ್ಟೆಗೂ ಬಂತು. ಅದಕ್ಕೆ ಸಿಗಬೇಕಾದಷ್ಟು ಗೌರವ ಸಿಗಲಿಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ. ಇಂದಿನ ಹಲವು ಇ-ರೀಡರುಗಳ ಒಳಗೂ ಲಿನಕ್ಸ್ ಇದೆ. ಅದರ ತಿರುಳಾದ ಕರ್ನಲ್ ತಾನು ಮಾಡಿದ್ದನ್ನು ಸಾಲುಸಾಲಾಗಿ ಹೇಳುತ್ತಾ ಹೋಗುತ್ತದೆ.

ಆ ಮಾತು ಕೇಳಬೇಕಾದರೆ ಹಿಂದಿನ ಮುಚ್ಚಳ ತೆಗೆದು, ಬೋರ್ಡಿನ ಮೇಲಿನ ಪುಟ್ಟ ತಾಮ್ರದ ಚುಕ್ಕೆಗಳಿಗೆ ಎಸ್.ಪಿ. ರಸ್ತೆಯಲ್ಲಿ ಸಿಗುವ ಸೀರಿಯಲ್ ಅಡಾಪ್ಟರ್ ಜೋಡಿಸಬೇಕು. ಮೊದಲು ಮೀಟರ್ ಹಿಡಿದು ಅಲ್ಲಿರುವುದು 1.8 ವೋಲ್ಟೋ 3.3 ವೋಲ್ಟೋ ನೋಡಲೇಬೇಕು. ಸಾಮಾನ್ಯ ವೇಗ ಸೆಕೆಂಡಿಗೆ 115200 ಬಿಟ್ಟು, ಅಂದರೆ ಒಂದು ಬಿಟ್ಟಿಗೆ ಸುಮಾರು 8.7 ಮೈಕ್ರೋಸೆಕೆಂಡು. ಹೇಳುವ ಚಿಪ್ಪಿನ ವೇಗಕ್ಕೂ ಕೇಳುವ ಚಿಪ್ಪಿನ ವೇಗಕ್ಕೂ ನಡುವಿನ ವ್ಯತ್ಯಾಸ ನೂರಕ್ಕೆ ಐದನ್ನು ಮೀರಿತೋ, ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು. ಅಕ್ಷರಗಳೆಲ್ಲ ಸ್ಪಷ್ಟವಾಗಿದ್ದು ಎರಡು ವಾಕ್ಯ ಒಂದರೊಳಗೊಂದು ನುಗ್ಗಿದ್ದರೆ ತಂತಿಯನ್ನು ದೂರಬಾರದು. ಎರಡು ಪ್ರೋಗ್ರಾಂಗಳು ಒಟ್ಟಿಗೇ ಬರೆದಿವೆ. ಆರಂಭದ ಸಾಲುಗಳೇ ಕಾಣದಿದ್ದರೆ ಕರ್ನಲ್ ತನ್ನ ಸಾಲುಗಳನ್ನು ಇಟ್ಟುಕೊಳ್ಳುವ ಬಫರ್ ತುಂಬಿ ಹಳೆಯದರ ಮೇಲೆ ಹೊಸದು ಕೂತಿರಬಹುದು, ಅಷ್ಟೇ.

ಮೇಷ್ಟ್ರ ಯಂತ್ರದಲ್ಲಿ ಎರಡು ಬಗೆಯ ಕೇಡಿತ್ತು. ಎದ್ದ ಕೂಡಲೇ ಬರುವ ಕೆಲವು ಅಕ್ಷರ ಕಲಸಿಹೋಗಿ, ಆಮೇಲೆ ಎಲ್ಲ ಸರಿ. ನಿದ್ದೆಯಲ್ಲಿ ನಿಂತ ಸೀರಿಯಲ್ ಗಡಿಯಾರ ನೆಲೆಗೊಳ್ಳುವವರೆಗೆ ಹೀಗಾಗುವುದುಂಟು, ಚಿಂತೆಯಿಲ್ಲ. ಎರಡನೆಯದು ಬೇರೆಯೇ. ರೀಸ್ಟಾರ್ಟ್ ಆದ ಮೇಲೂ ಕೊನೆಯ ಸಾಲುಗಳು ಉಳಿಯಲೆಂದು ಮೆಮೊರಿಯ ಒಂದು ಮೂಲೆಯನ್ನು ಕಾಯ್ದಿಡುವ ರಾಮೂಪ್ಸ್ ಎಂಬ ಏರ್ಪಾಡು ಕರ್ನಲ್‌ನಲ್ಲಿದೆ. ಅಲ್ಲಿಂದ ತೆಗೆದ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗಿತ್ತು. ಇಂಗ್ಲಿಷಿನ ಸಣ್ಣ 'ಇ' ಇರಬೇಕಾದಲ್ಲಿ ಸಣ್ಣ 'ಎ'. ಒಂದರ ಸಂಕೇತ 101, ಇನ್ನೊಂದರದು 97. ನಡುವೆ ಒಂದೇ ಬಿಟ್ಟಿನ ಅಂತರ. ಉಳಿದ ತಪ್ಪುಗಳೂ ಹಾಗೆಯೇ, ಒಂದೊಂದೇ ಬಿಟ್ಟು. ಮತ್ತೆ ಓದಿದರೂ ಅದೇ ಜಾಗ, ಅದೇ ತಪ್ಪು. ಅಂದಮೇಲೆ ದೋಷ ದಾರಿಯದಲ್ಲ, ಇಟ್ಟ ಜಾಗದ್ದು.

ಮರಾಠ ದೊರೆ ಏಕೋಜಿ ಮೇದರನಿಂಗನಹಳ್ಳಿಯನ್ನು ದೇವರಿಗೆ ಬಿಟ್ಟುಕೊಟ್ಟದ್ದನ್ನು ಹೇಳುವ, ಕಾಡು ಮಲ್ಲೇಶ್ವರ ದೇವಸ್ಥಾನದ 1669ರ ಶಾಸನ ಇದೆಯಲ್ಲ, ಅಂಥದ್ದನ್ನು ಓದುವವರೂ ಇದನ್ನೇ ಕೇಳಿಕೊಳ್ಳುತ್ತಾರೆ: ತಪ್ಪು ಕೆತ್ತಿದವನದೋ, ಸವೆದ ಕಲ್ಲಿನದೋ?

ಇಲ್ಲಿ ಸವೆದಿದ್ದು ಬ್ಯಾಟರಿ. ಇ-ಇಂಕ್ ಪರದೆಯ ಮೇಲೆ ಪುಟ ಮೂಡಬೇಕಾದರೆ ಧನ-ಋಣ ಸುಮಾರು 15 ವೋಲ್ಟ್ ಬೇಕು, ಬ್ಯಾಟರಿಯದು 3.7. ವೋಲ್ಟೇಜನ್ನು ಅಷ್ಟಕ್ಕೆ ಏರಿಸುವ ಚಿಪ್ಪು ಎದ್ದಾಗ ಒಮ್ಮೆಲೇ ಕರೆಂಟ್ ಎಳೆಯುತ್ತದೆ. ಮುಪ್ಪಾದ ಬ್ಯಾಟರಿ ಅಷ್ಟು ಕೊಡಲಾರದೆ ವೋಲ್ಟೇಜ್ ಕುಸಿದು, ಯಂತ್ರ ಬೀಳುತ್ತಿತ್ತು. ಮೆಮೊರಿಯಲ್ಲಿ ಕೆಲವು ಬಿಟ್ಟುಗಳೂ ಜೊತೆಗೇ ಬೀಳುತ್ತಿದ್ದವು. ಅರೆಬರೆ ಉಳಿದ ಕೊನೆಯ ಸಾಲೂ ಆ ಚಿಪ್ಪಿನ ಹೆಸರನ್ನೇ ಹೇಳುತ್ತಿತ್ತು.

ಹೊಸ ಬ್ಯಾಟರಿ ಹಾಕಿದ್ದಾಯಿತು. ಮೇಷ್ಟ್ರ ಗುರುತುಗಳೆಲ್ಲ ಹಾಗೇ ಇವೆ, ರೀಸ್ಟಾರ್ಟ್ ನಿಂತಿದೆ. ಎದ್ದಾಗಿನ ಆ ಮೊದಲ ಕಲಸು ಅಕ್ಷರಗಳು ಮಾತ್ರ ಈಗಲೂ ಬರುತ್ತವೆ. ಬರಲಿ, ಅವು ಬ್ಯಾಟರಿಗೆ ಸಂಬಂಧಿಸಿದವಲ್ಲ.