ಅಕ್ಕೋರ ಅಂಜಿಕಿ

ಈಗಿನ ಸಾಲಿ ಪುಸ್ತಕದಾಗ ಪಾಠದ ಬಾಜೂಕ ಒಂದು ಕಪ್ಪು-ಬಿಳಿ ಚೌಕ ಇರ್ತದಲ್ಲ, ಅದಕ್ಕ ಮೊಬೈಲ್ ಹಿಡದ್ರ ಸರ್ಕಾರ 2017ರಾಗ ಶುರು ಮಾಡಿದ ದೀಕ್ಷಾದಾಗಿನ ಪಾಠ ತೆರೀತದ. ಅಮೆರಿಕಾದ ಕೊಲೊರಾಡೊ ವಿಶ್ವವಿದ್ಯಾಲಯದ ‘ಫೆಟ್’ ಅಂತ ಇನ್ನೊಂದು ಅದ, ಪುಕ್ಕಟೆ, ಕನ್ನಡದಾಗೂ ಅದ. ಬ್ಯಾಟರಿ, ವೈರು, ಬಲ್ಬು ಎಳದು ಜೋಡಿಸಿದ್ರ ಪರದೆ ಮ್ಯಾಲ ದೀಪ ಹತ್ತತದ.

ಇಷ್ಟಿದ್ರೂ ಭಾಳ ಮಂದಿ ಮಾಸ್ತರು, ಅಕ್ಕೋರು ಹಿಂದಮುಂದ ನೋಡ್ತಾರ. ಆಲಸ್ಯ ಅಂತ ಮಂದಿ ಅಂದುಬಿಡ್ತಾರ. ನಮ್ಮ ನಾದಿನಿ ಹೈಸ್ಕೂಲಿನಾಗ ವಿಜ್ಞಾನ ಕಲಸ್ತಾಳ. ಅಕಿ ಮಾತು ಕೇಳ್ರಿ: “ವೈನಿ, 40 ನಿಮಿಷದ ಪಿರಿಯಡ್ಡಿನಾಗ ಕರೆಂಟು, ನೆಟ್ಟು ಅಂತ 10 ನಿಮಿಷ ಹೋಗ್ತಾವ. ಪೋರ್ಶನ್ ಹಂಗs ಉಳೀತದ. ಅದು ಹೋಗ್ಲಿ, ನಡುವ ಕೈಕೊಟ್ರ ಹುಡುಗೂರ ಮುಂದ ಮಾರಿ ಹೆಂಗ ತೋರಸ್ಲಿ?”

ಖರೆ ಕಾರಣ ಆ ಕಡೀ ಮಾತಿನಾಗ ಅದ. ವರ್ಷಾನಗಟ್ಟಲೆ ಎಲ್ಲಾ ಬಲ್ಲವರು ಅನಿಸ್ಕೊಂಡವ್ರಿಗೆ ‘ಇದು ನನಗ ಬರೂದಿಲ್ಲ’ ಅನ್ನೂದು ಸಣ್ಣ ಮಾತಲ್ಲ. ಯಾವ ಗುಂಡಿ ಒತ್ತಬೇಕು ಅಂತ ತರಬೇತಿಯೊಳಗ ಹೇಳ್ತಾರ, ಈ ಅಂಜಿಕಿಗೆ ಔಷಧ ಹೇಳಂಗಿಲ್ಲ.

ಅಕಿನs ಒಂದು ಹಾದಿ ಹುಡಿಕ್ಯಾಳ. ಮೊದಲು ಬೋರ್ಡ್ ಮ್ಯಾಲ ಚಿತ್ರ ತಗದು, “ಒಂದು ಬಲ್ಬಿನ ಹಿಂದ ಅಂಥಾದ್ದs ಇನ್ನೊಂದು ಜೋಡಿಸಿದ್ರ ಬೆಳಕು ಏನಾಗ್ತದ?” ಅಂತ ಕೇಳ್ತಾಳ. ಹುಡುಗೂರು ತಮತಮಗ ತೋಚಿದ್ದು ಹೇಳ್ತಾವ. ಆಮ್ಯಾಲ ಒಬ್ಬ ಹುಡುಗಿ ಫೆಟ್‌ನಾಗ ಜೋಡಸ್ತಾಳ, ಬೆಳಕು ಮಂದ ಆಗ್ತದ. ‘ಯಾಕ?’ ಅನ್ನೂದು ಅಲ್ಲಿಂದ ಶುರು. ನೆಟ್ಟು ಕೈಕೊಟ್ರೂ ಪ್ರಶ್ನೆ ಬೋರ್ಡ್ ಮ್ಯಾಲ ಇರ್ತದ, ಪಾಠ ನಿಲ್ಲೂದಿಲ್ಲ.

ನಿಮ್ಮ ಮನ್ಯಾಗೂ ಸಾಲಿಗೆ ಹೋಗಿ ಕಲಸೂ ಸೊಸಿ, ಮಗಳು ಇದ್ರ, ‘ಇನ್ನೂ ಕಲ್ತಿಲ್ಲೇನ?’ ಅನಬ್ಯಾಡ್ರಿ. ರಾತ್ರಿ ಅರ್ಧ ತಾಸು ಅಡಗಿಮನಿ ನಾವು ನೋಡ್ಕೊಳ್ಳೂಣು. ಹುಡುಗೂರ ಮುಂದ ಮಾಡೂ ಮೊದಲು ಅಕಿ ಮನ್ಯಾಗ ನಾಕು ಸಲ ತಪ್ಪಿ ಕಲೀಲಿ.