ಕಾರ್ಡ್ ಸತ್ತ ಮೇಲೆ ಡಿಸ್ಕ್ ಬದುಕಿದ್ದೇನು ಬಂತು?

‘ಹಾರ್ಡ್‌ವೇರ್ ರೇಡಾ, ಸಾಫ್ಟ್‌ವೇರ್ ರೇಡಾ?’ ಅನ್ನೋ ಜಗಳ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸರ್ವರ್ ಕಾಯೋ ನನ್ನಂಥವರ ಮಧ್ಯೆ, ವಿದ್ಯಾರ್ಥಿ ಭವನದ ದೋಸೆನಾ ಸಿಟಿಆರ್ ದೋಸೆನಾ ಅನ್ನೋ ಜಗಳದ ಥರ. ಮುಗಿಯೋದಿಲ್ಲ. (ರೇಡ್ ಅಂದ ತಕ್ಷಣ ಇನ್‌ಕಮ್ ಟ್ಯಾಕ್ಸ್‌ನವರು ನೆನಪಾದರೆ, ಇದು ಆ ರೇಡ್ ಅಲ್ಲ. ಹಲವು ಹಾರ್ಡ್ ಡಿಸ್ಕ್‌ಗಳನ್ನು ಒಟ್ಟಿಗೆ ಕಟ್ಟಿ, ಒಂದೋ ಎರಡೋ ಕೆಟ್ಟರೂ ಡೇಟಾ ಉಳಿಯೋ ಹಾಗೆ ಮಾಡೋ ಉಪಾಯ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಬರೆದ ಪೇಪರಿನಲ್ಲಿ ಅದರ ‘ಐ’ ಅಂದರೆ ಇನ್‌ಎಕ್ಸ್‌ಪೆನ್ಸಿವ್, ಅಗ್ಗದ್ದು. ಆಮೇಲೆ ಅದು ‘ಇಂಡಿಪೆಂಡೆಂಟ್’ ಆಯ್ತು. ದುಬಾರಿ ಪೆಟ್ಟಿಗೆ ಮಾರೋರಿಗೆ ‘ಅಗ್ಗ’ ಹಿಡಿಸಿರಲಿಕ್ಕಿಲ್ಲ.)

ನಾನು ಪಕ್ಷ ಹಿಡಿದದ್ದು ಮಾತ್ರ ಪೀಣ್ಯದಲ್ಲಿ. ಅಲ್ಲಿ ಪರಿಚಯದವರೊಬ್ಬರ ಬಿಡಿಭಾಗ ಮಾಡೋ ಫ್ಯಾಕ್ಟರಿ ಇದೆ. ಅವರ ಸರ್ವರಿನಲ್ಲಿ ತಲಾ 8 ಟಿಬಿಯ 12 ಡಿಸ್ಕ್, ರೇಡ್-6. ಎರಡು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ ಹೋಗಿ 80 ಟಿಬಿ ಕೈಗೆ. ಡ್ರಾಯಿಂಗು, ಸಿಎನ್‌ಸಿ ಪ್ರೋಗ್ರಾಮು, ಇನ್‌ಸ್ಪೆಕ್ಷನ್ ರಿಪೋರ್ಟು, ಎಲ್ಲಾ ಅದರಲ್ಲೇ. ಒಂದು ಬೆಳಿಗ್ಗೆ ಸರ್ವರ್ ಆನ್ ಮಾಡಿದರೆ ಒಂದು ಡಿಸ್ಕೂ ಕಾಣಲಿಲ್ಲ. ಹನ್ನೆರಡೂ ಗಟ್ಟಿಯಾಗೇ ಇದ್ದವು. ಸತ್ತಿದ್ದು ಅವನ್ನು ಕಟ್ಟಿ ಹಿಡಿದಿದ್ದ ರೇಡ್ ಕಾರ್ಡ್.

‘ಡಿಸ್ಕ್ ಎಲ್ಲಾ ಸರಿ ಇದೆ ಅಂತೀಯ, ಫೈಲ್ ಸಿಗಲ್ಲ ಅಂತೀಯ. ಏನಪ್ಪಾ ಇದು?’ ಅಂದರು ಯಜಮಾನರು.

‘ಸಾರ್, ಯಾವ ಡಿಸ್ಕಿನ ಯಾವ ತುಂಡು ಎಲ್ಲಿದೆ ಅನ್ನೋ ಲೆಕ್ಕಾನ ಆ ಕಾರ್ಡ್ ತನ್ನದೇ ರೀತೀಲಿ ಬರೆದಿಟ್ಟಿರುತ್ತೆ. ಅದೇ ಜಾತಿ ಕಾರ್ಡೇ ಬೇಕು ಓದೋಕೆ.’

‘ಅಂದ್ರೆ ಒಂದೇ ಮೆಷಿನ್‌ಗೆ ಕೂರೋ ಫಿಕ್ಸ್‌ಚರು!’

ಇಷ್ಟು ಚೆನ್ನಾಗಿ ನಮ್ಮ ಆಫೀಸಲ್ಲಿ ಯಾರೂ ಹೇಳಿರಲಿಲ್ಲ.

ಆ ಮಾಡೆಲ್ ಮಾರುಕಟ್ಟೆಯಿಂದ ಹೋಗಿ ವರ್ಷಗಳಾಗಿದ್ದವು. ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು, ಮೂರನೇ ದಿನ ಸೆಕೆಂಡ್ ಹ್ಯಾಂಡ್ ಒಂದು ಸಿಕ್ತು. ಹಾಕಿದ ಮೇಲೆ ‘ಫಾರಿನ್ ಕಾನ್ಫಿಗರೇಶನ್ ಸಿಕ್ಕಿದೆ, ಇಂಪೋರ್ಟ್ ಮಾಡ್ಲಾ?’ ಅಂತ ಸ್ಕ್ರೀನ್ ಕೇಳಿತು. ಯಜಮಾನರು ಹಿಂದೆ ನಿಂತು ಉಸಿರು ಬಿಗಿ ಹಿಡಿದಿದ್ದರು. ಫೈಲ್‌ಗಳು ಬಂದವು. ಆ ಮೂರು ದಿನ ಡ್ರಾಯಿಂಗ್ ಇಲ್ಲದೆ ಹೊಸ ಜಾಬ್ ಒಂದನ್ನೂ ಮೆಷಿನ್‌ಗೆ ಏರಿಸೋಕೆ ಆಗಿರಲಿಲ್ಲ.

ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ ಆಗಿದ್ದರೆ ಡಿಸ್ಕ್‌ಗಳನ್ನು ಬಿಚ್ಚಿ ಬೇರೆ ಯಾವುದಾದರೂ ಲಿನಕ್ಸ್ ಸರ್ವರಿಗೆ ಸಿಕ್ಕಿಸಿ, ಒಂದು ಕಮಾಂಡ್ ಕೊಟ್ಟರೆ ಸಾಕಿತ್ತು. ಲೆಕ್ಕ ಡಿಸ್ಕಿನಲ್ಲೇ, ಎಲ್ಲರಿಗೂ ಗೊತ್ತಿರೋ ರೀತೀಲಿ ಇರುತ್ತೆ. ‘ಸಿಪಿಯುಗೆ ಭಾರ’ ಅನ್ನೋದು ಹಳೇ ಕಾಲದ ಮಾತು. ಲಿನಕ್ಸ್ ರೇಡ್-6ರ ಲೆಕ್ಕ ಎಷ್ಟು ವೇಗವಾಗಿ ಮಾಡಬಲ್ಲೆ ಅಂತ ತಾನೇ ಪರೀಕ್ಷೆ ಮಾಡಿ ಲಾಗಿನಲ್ಲಿ ಬರೆಯುತ್ತೆ, ನೋಡಿ: ಇವತ್ತಿನ ಪ್ರೊಸೆಸರಿನಲ್ಲಿ ಸೆಕೆಂಡಿಗೆ ಎಷ್ಟೋ ಜಿಬಿ. ಸೋಮಾರಿ ಡಿಸ್ಕೇ. 8 ಟಿಬಿ ಡಿಸ್ಕನ್ನು ಸೆಕೆಂಡಿಗೆ 150 ಎಂಬಿಯಂತೆ ತುಂಬಿಸಿದರೂ ಸುಮಾರು 15 ಗಂಟೆ. ಮಧ್ಯೆ ಜನ ಕೆಲಸಾನೂ ಮಾಡ್ತಿದ್ದರೆ ಇನ್ನೂ ಜಾಸ್ತಿ. ಅಷ್ಟು ಹೊತ್ತಲ್ಲಿ ಇನ್ನೊಂದು ಡಿಸ್ಕ್ ಕೈ ಕೊಡಬಹುದು, ಅದಕ್ಕೇ ದೊಡ್ಡ ಡಿಸ್ಕ್‌ಗಳಿಗೆ ರೇಡ್-5 ಬೇಡ ಅನ್ನೋದು.

ಹಾರ್ಡ್‌ವೇರ್ ಪಕ್ಷದವರ ಒಂದು ಮಾತು ಮಾತ್ರ ಗಟ್ಟಿ: ಕರೆಂಟು. ಬರೆಯೋದು ಅರ್ಧದಲ್ಲಿದ್ದಾಗ ಪವರ್ ಹೋದರೆ ಡೇಟಾ ಮತ್ತು ಪ್ಯಾರಿಟಿ ತಾಳೆಯಾಗದೆ ಉಳಿಯುತ್ತವೆ. ‘ರೈಟ್ ಹೋಲ್’ ಅನ್ನೋದು ಇದನ್ನೇ. ಕಾರ್ಡಿನ ಬ್ಯಾಟರಿ ಆ ಅರ್ಧ ಕೆಲಸವನ್ನು ನೆನಪಿಟ್ಟು ಆಮೇಲೆ ಮುಗಿಸುತ್ತೆ. ಬ್ಯಾಟರಿ ಬದಲಿಸೋದು ನೆನಪಿದ್ದರೆ! ಝಡ್‌ಎಫ್‌ಎಸ್ ಈ ತೊಂದರೆಗೆ ಬೇರೆ ದಾರಿ ಹಿಡೀತು. ಹಳೇದರ ಮೇಲೆ ತಿದ್ದದೆ ಹೊಸ ಜಾಗದಲ್ಲಿ ಬರೆದು, ಪೂರ್ತಿ ಆದ ಮೇಲೇ ಒಪ್ಪಿಕೊಳ್ಳುತ್ತೆ. ಜೊತೆಗೆ ಚೆಕ್‌ಸಮ್ ಇಡೋದರಿಂದ ಸದ್ದಿಲ್ಲದೆ ಕೊಳೆತ ಫೈಲೂ ಸಿಕ್ಕಿಬೀಳುತ್ತೆ. ಯುಪಿಎಸ್ ಅಂತೂ ಬೇಕೇ ಬೇಕು.

ದೊಡ್ಡ ಸರ್ವರನ್ನು ಝಡ್‌ಎಫ್‌ಎಸ್‌ಗೆ ತಂದ್ವಿ, ಕಾರ್ಡಿನ ಜಾಗದಲ್ಲಿ ಡಿಸ್ಕನ್ನು ಇದ್ದ ಹಾಗೇ ತೋರಿಸೋ ಸಾದಾ ಎಚ್‌ಬಿಎ. ಪ್ರತಿ ರಾತ್ರಿ ಒಂದು ಕಾಪಿ ಬೇರೆ ಕಟ್ಟಡಕ್ಕೆ, ಯಾಕಂದ್ರೆ ಯಾರಾದರೂ ಫೈಲ್ ಅಳಿಸಿದರೆ ಯಾವ ರೇಡೂ ಉಳಿಸಲ್ಲ.

ಮುಂದಿನ ಆಫೀಸಿನ ಬಿಲ್ಲಿಂಗ್ ಸರ್ವರ್ ವಿಂಡೋಸ್‌ದು, ಹಾರ್ಡ್‌ವೇರ್ ಕಾರ್ಡೇ ಇದೆ. ನಾನು ಮುಟ್ಟಲಿಲ್ಲ. ಕೆಂಪು ಲೈಟ್ ಬಂದರೆ ಆ ಡಿಸ್ಕ್ ಎಳೆದು ಹೊಸದು ತಳ್ಳಿ ಅಂತ ಫೋನಲ್ಲೇ ಅಕೌಂಟೆಂಟ್‌ಗೆ ಹೇಳಬಹುದು, ಅದೂ ಒಂದು ಸುಖ. ಅದೇ ಕಾರ್ಡ್ ಇನ್ನೊಂದು ತಂದು, ಫರ್ಮ್‌ವೇರ್ ನಂಬರನ್ನು ಮಾರ್ಕರಿನಲ್ಲಿ ಬರೆದು, ಬೀರುವಿನಲ್ಲಿ ಇಟ್ಟಿದ್ದೀವಿ. ಬೀಗದ ಕೈ ಯಜಮಾನರ ಹತ್ತಿರ.